ಕಾಯುವುದನ್ನು ಕಲಿತ ಪರದೆ

ಬಿ.ಎ. ತರಗತಿಯವನಿಗೆ ಗಣಕಯಂತ್ರದ ಒಳಗುಟ್ಟಿನ ಗೊಡವೆ ಏಕೆಂದು ಗೆಳೆಯರು ಕೇಳುವುದುಂಟು. ಅಗತ್ಯ ಬಿದ್ದಾಗ ಮನುಷ್ಯ ಯಾವ ವಿದ್ಯೆಯ ಬಾಗಿಲನ್ನಾದರೂ ತಟ್ಟುತ್ತಾನೆ ಎಂಬುದೇ ನನ್ನ ಉತ್ತರ.

ನಮ್ಮೂರು ತಿರುಮಕೂಡಲು ನರಸೀಪುರ. ಓದಿಗಾಗಿ ನಂಜನಗೂಡಿನ ಸೋದರಮಾವನ ಮನೆಯಲ್ಲಿದ್ದೇನೆ. ಮಾವನದು ಮದುವೆ, ಜಾತ್ರೆಗಳ ವಿಡಿಯೋ ತೆಗೆಯುವ ಸಣ್ಣ ಅಂಗಡಿ. ಅವರು ಕೊಂಡ ಹೊಸ ಪರದೆಯ ಮೇಲೆ ದೊಡ್ಡ ಜಾತ್ರೆಯ ಚಿತ್ರ ಹಾಕಿದರೆ ಶ್ರೀಕಂಠೇಶ್ವರನ ತೇರು ಗಂಭೀರವಾಗಿ ಸಾಗುವ ಬದಲು ಮುಗ್ಗರಿಸಿ ಮುಗ್ಗರಿಸಿ ಹೋಗುತ್ತಿತ್ತು. ಗಿರಾಕಿಗಳು ಕ್ಯಾಮೆರಾವನ್ನು ದೂರಿದರು. ರಿಪೇರಿಯವರು ಪರದೆ, ಕಾರ್ಡು ಎರಡನ್ನೂ ಬದಲಾಯಿಸಿ ಎಂದರು. ಅದಕ್ಕೆ ಒದಗುವ ಹಣವೆಂದರೆ ನನ್ನ ತಂಗಿಯ ಶುಲ್ಕಕ್ಕೆಂದು ಅವ್ವ ಮಾವನ ಬಳಿ ಕೂಡಿಟ್ಟಿದ್ದು ಒಂದೇ. “ಒಂದು ವಾರ ತಡೀರಿ ಮಾವ” ಎಂದು ಬೇಡಿಕೊಂಡೆ.

ಓದಿ ನೋಡಿದಾಗ ಕಾರಣ ತಿಳಿಯಿತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಇಲ್ಲಿನ ದೂರದರ್ಶನದ ಪದ್ಧತಿಯೂ ಅದನ್ನೇ ಅನುಸರಿಸಿ ಬೆಳೆದದ್ದು. ಮಾವನ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ. ಪರದೆಯಾದರೋ ಸೆಕೆಂಡಿಗೆ 60 ಬಾರಿ ತನ್ನನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಐವತ್ತನ್ನು ಅರವತ್ತರಲ್ಲಿ ತುಂಬಿಸಬೇಕಾದರೆ ಹತ್ತು ಚಿತ್ರಗಳು ಎರಡೆರಡು ಸಲ ಕಾಣಲೇಬೇಕು. ತೇರು ಮುಗ್ಗರಿಸುತ್ತಿದ್ದುದು ಅಲ್ಲಿಯೇ!

ಇದಕ್ಕೆ ಪರಿಹಾರ ಆಗಲೇ ಹುಟ್ಟಿತ್ತು. ಪರದೆ ಗಡಿಯಾರದಂತೆ ಓಡದೆ, ಮುಂದಿನ ಚಿತ್ರ ಬರುವತನಕ ಕ್ಷಣಕಾಲ ಕಾಯುವ ಏರ್ಪಾಡು ಅದು. ಹೆಸರು ವೇರಿಯಬಲ್ ರಿಫ್ರೆಶ್ ರೇಟ್. ನರಸೀಪುರದಲ್ಲಿ ನಮ್ಮ ಅವ್ವ ರೇಷ್ಮೆ ನೂಲು ತೆಗೆಯುವವಳು. ಗೂಡಿನ ಎಳೆ ಕಡಿದರೆ ರಾಟೆ ನಿಲ್ಲಿಸಿ, ಎಳೆ ಸೇರಿಸಿ, ಮತ್ತೆ ತಿರುಗಿಸುತ್ತಾಳೆ. ರಾಟೆ ಕೈಗಾಗಿ ಕಾಯುತ್ತದೆ. ಕೈ ರಾಟೆಗಾಗಿ ಓಡುವುದಿಲ್ಲ. ಇದೂ ಹಾಗೆಯೇ. ಒಂದು ಚಿತ್ರ ಮುಗಿದ ಮೇಲೆ ಇನ್ನೊಂದು ತೊಡಗುವ ಮುನ್ನ ಇರುವ ಸಣ್ಣ ಬಿಡುವನ್ನು ಹಿಗ್ಗಿಸಿದರೆ 16.7 ಮಿಲಿಸೆಕೆಂಡಿನ ಲೆಕ್ಕ 20 ಆಗುತ್ತದೆ. ಡಿಸ್‌ಪ್ಲೇಪೋರ್ಟ್ ನಿಯಮಕ್ಕೆ ಈ ಸೌಲಭ್ಯ ಸೇರಿದ್ದು 2014ರಲ್ಲಿ. ಹಿಗ್ಗಿಸುವ ಕೆಲಸ ಮಾತ್ರ ಡ್ರೈವರ್‌ನದು, ಅಂದರೆ ಗಣಕಕ್ಕೂ ಪರದೆಗೂ ನಡುವೆ ನಿಂತು ಮಾತನಾಡಿಸುವ ತಂತ್ರಾಂಶದ್ದು. ಲಿನಕ್ಸ್‌ನಲ್ಲಿ ಎ.ಎಂ.ಡಿ. ಕಾರ್ಡುಗಳ ಡ್ರೈವರ್‌ಗೆ ಈ ವಿದ್ಯೆ ಬಂದದ್ದು 2019ರ ಮಾರ್ಚ್‌ನಲ್ಲಿ, 5.0ನೆಯ ಆವೃತ್ತಿಯೊಡನೆ.

ಮಾವನ ಗಣಕದಲ್ಲಿದ್ದುದೂ ಅದೇ ಜಾತಿಯ ಕಾರ್ಡು, ಅದೇ ಲಿನಕ್ಸ್. ಪ್ರತಿಯೊಂದು ಪರದೆಯೂ ತನ್ನ ಕುಲಗೋತ್ರವನ್ನು ಗಣಕಕ್ಕೆ ತಿಳಿಸುತ್ತದೆ. ನಮ್ಮದು ‘40ರಿಂದ 60ರವರೆಗೆ ಹೊಂದಿಕೊಳ್ಳಬಲ್ಲೆ’ ಎಂದು ಹೇಳಿತ್ತು. ಡ್ರೈವರ್ ಅದನ್ನು ಕೇಳಿಯೂ ಇತ್ತು. ಆದರೆ ಅಪ್ಪಣೆಯಾಗದೆ ಅದು ಈ ಕೆಲಸಕ್ಕೆ ಕೈಹಾಕದು. ಸಂರಚನೆಯ ಕಡತದಲ್ಲಿ ‘ವೇರಿಯಬಲ್ ರಿಫ್ರೆಶ್’ ಎಂಬ ಆಯ್ಕೆಗೆ ‘ಹೌದು’ ಎಂದು ಒಂದು ಸಾಲು ಬರೆಯಬೇಕಿತ್ತು. ಬರೆದೆ. ಕಿಟಕಿಯೊಳಗಿನ ಚಿತ್ರ ಮೊದಲಿನಂತೆಯೇ ಮುಗ್ಗರಿಸಿತು. ಏಕೆಂದರೆ ಈ ಏರ್ಪಾಡು ನಡೆಯುವುದು ಒಂದೇ ಚಿತ್ರ ಇಡೀ ಪರದೆಯನ್ನು ಆವರಿಸಿದಾಗ. ಪರದೆ ತುಂಬ ಹರಡಿದೆ. ತೇರು ಸಲೀಸಾಗಿ ಸಾಗಿತು. ಮಾವ ಎರಡು ಸಲ ನೋಡಿ, “ನಿಮ್ಮವ್ವನಿಗೆ ಫೋನು ಮಾಡಪ್ಪ, ಮಗೀಗೆ ಫೀಜು ಕಟ್ಟಬೌದು ಅನ್ನು” ಎಂದರು. ಆ ಮಾತಿಗಿಂತ ದೊಡ್ಡ ಬಹುಮಾನ ನನಗೆ ಈವರೆಗೆ ದೊರೆತಿಲ್ಲ.

ಕಾಯುವಿಕೆಗೂ ಒಂದು ಮಿತಿಯುಂಟು. ನಮ್ಮ ಪರದೆ ಒಂದು ಚಿತ್ರಕ್ಕಾಗಿ 25 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯಲಾರದು. ಚಿತ್ರ ಬರೆಯುವವನೂ ತನ್ನ ಪಾಲಿನ ಕೆಲಸವನ್ನು ಅಷ್ಟರೊಳಗೆ ಮುಗಿಸಲೇಬೇಕು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿದವರ ಮನೆಯ ಮಕ್ಕಳ ವೇಗ ನನ್ನದಲ್ಲ. ಆದರೂ ಪಾಠವನ್ನು ಇನ್ನೊಮ್ಮೆ ಹೇಳಿದ ಗುರುಗಳು, ನನ್ನ ದುಡಿಮೆಗೆ ಆತುರಪಡದ ಅವ್ವ ನನಗಾಗಿ ಕಾದಿದ್ದಾರೆ. ಜೊತೆಯವನ ನಡಿಗೆಯನ್ನು ನೋಡಿ ಒಂದು ಗಳಿಗೆ ನಿಲ್ಲುವುದು ಯಂತ್ರಕ್ಕೇ ಸಾಧ್ಯವಾಗಿರುವಾಗ ಮನುಷ್ಯರಾದ ನಮಗೆ ಅಸಾಧ್ಯವೆ?