ಗಾಡಿ ನಿಲ್ಲಿಸಬೇಡ

ನಾನು ಯುದ್ಧದಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಇದ್ದೆ. ಶ್ರೀನಗರ–ಲೇಹ್ ರಸ್ತೆಯ ಮೇಲೆ ತೋಪಿನ ಗುಂಡು ಹೇರಿದ ಗಾಡಿ ನಡೆಸುತ್ತಿದ್ದೆ. ರಜೆಗೆಂದು ನಮ್ಮ ಕಡೆಯ ಸಂಖದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಜನ ಕೇಳಿದ್ದು, "ಎಷ್ಟ ಮಂದಿನ್ನ ಹೊಡದ ಬಂದಿ?" ಎಂದು. "ನಾ ಡ್ರೈವರ್ ಅದೀನ್ರಿ" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹೊಡೆಯದವನಿಗೆ ಎಂಥ ಹೆದರಿಕೆ, ಎಂಥ ಗಾಯ ಎಂಬ ಲೆಕ್ಕ ಅವರದು. ಸೈನ್ಯದೊಳಗೂ ಅದೇ ಲೆಕ್ಕ ನಡೆಯುತ್ತಿತ್ತು. ಆ ಯುದ್ಧದಲ್ಲಿ ನಮ್ಮವರು 527 ಮಂದಿ ಪ್ರಾಣ ಕೊಟ್ಟರು, 1,300ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅದು ಮೈಮೇಲೆ ಕಾಣುವ ಗಾಯದ ಲೆಕ್ಕ.

ಜತ್ತ ತಾಲೂಕಿನ ಪೂರ್ವಭಾಗ ನಮ್ಮದು. ಮಹಾರಾಷ್ಟ್ರದ ಊರು, ಕನ್ನಡದ ಮನೆ. ಜಿಲ್ಲಾ ಕೇಂದ್ರ ಸಾಂಗಲಿಗಿಂತ ವಿಜಯಪುರವೇ ನಮಗೆ ಹತ್ತಿರ. ಮಳೆ ನಂಬಿ ಬದುಕುವ ನೆಲ, ಆ ಮಳೆಯೇ ಕೈಕೊಡುವ ನೆಲ. ಕಬ್ಬು ಕಡಿಯಲು ಗುಳೆ ಹೋಗುವವರು ಹೋಗುತ್ತಾರೆ, ಮೈಕಟ್ಟು ಇದ್ದವರು ಸೈನ್ಯದ ಭರ್ತಿಗೆ ಓಡುತ್ತಾರೆ. ನಾನು ಊರಿನ ಕನ್ನಡ ಶಾಲೆಯಲ್ಲಿ ಓದಿ, ಭರ್ತಿಯಾಗಿ, ಬೆಂಗಳೂರಿನ ಸೆಂಟರ್‌ನಲ್ಲಿ ಗಾಡಿ ಕಲಿತೆ. ಹಿಂದಿ ಕಲಿತದ್ದೂ ಅಲ್ಲೇ.

ಕಾರ್ಗಿಲ್‌ನಲ್ಲಿ ನಮ್ಮ ತೋಪುಖಾನೆ ಎರಡೂವರೆ ಲಕ್ಷಕ್ಕೂ ಹೆಚ್ಚು ಗುಂಡು, ಬಾಂಬು, ರಾಕೆಟ್ ಹಾರಿಸಿತು ಎಂದು ಓದಿರುತ್ತೀರಿ. ಬೊಫೋರ್ಸ್ ತೋಪಿನ 155 ಮಿಲಿಮೀಟರಿನ ಒಂದು ಗುಂಡು 40 ಕಿಲೋಗಿಂತ ಹೆಚ್ಚು ಭಾರ. ಅಂಥ ಸಾಮಾನು 11,500 ಅಡಿ ಎತ್ತರದ ಜೋಜಿಲಾ ಘಾಟು ಹತ್ತಿ, ಮಟಾಯನ್ ದಾಟಿ, ದ್ರಾಸ್ ಸೇರಬೇಕು. ದ್ರಾಸ್ ಹತ್ತಿರ ರಸ್ತೆಯ ಮೇಲೆಯೇ ತೋಲೊಲಿಂಗ್ ಶಿಖರ. ಅಲ್ಲಿ ಕೂತ ಶತ್ರುವಿಗೆ ನಮ್ಮ ಒಂದೊಂದು ಗಾಡಿಯೂ ಕಾಣುತ್ತದೆ. ಅವನು ಹೇಳಿದ ಜಾಗಕ್ಕೆ ಗಡಿಯಾಚೆಯ ತೋಪು ಗುಂಡು ಹಾಕುತ್ತದೆ. ಅದಕ್ಕೇ ರಾತ್ರಿ ಹೋಗುತ್ತಿದ್ದೆವು, ಹೆಡ್‌ಲೈಟ್ ಹಾಕದೆ. ಎಡಕ್ಕೋ ಬಲಕ್ಕೋ ಕಂದರ. ಮುಂದಿನ ಗಾಡಿಯ ಹಿಂದೆ ಕೆಳಗೆ ಬಳಿದ ಬಿಳಿ ಗುರುತು ಮಾತ್ರ ನಮ್ಮ ದಾರಿ. ಹೊರಡುವ ಮುಂಚೆ ಪ್ರತಿ ಸಲ ಒಂದೇ ಹುಕುಂ: ಶೆಲ್ಲಿಂಗ್ ಆದರೆ "ಗಾಡಿ ರೋಕನಾ ನಹೀಂ," ಗಾಡಿ ನಿಲ್ಲಿಸಬೇಡ.

ಜೂನ್ 13ರಂದು ತೋಲೊಲಿಂಗ್ ನಮ್ಮ ಕೈಗೆ ಬಂತು. ನನ್ನ ರಾತ್ರಿ ಅದಕ್ಕಿಂತ ಮುಂಚಿನದು. ನನ್ನ ಮುಂದಿದ್ದದ್ದು ರೇಷನ್ ಗಾಡಿ. ಅದರಲ್ಲಿದ್ದವನು ಇಂಡಿ ಕಡೆಯ ಹುಡುಗ. ಆ ಇಡೀ ಕಾನ್ವಾಯ್‌ನಲ್ಲಿ ನನ್ನ ಜೊತೆ ಕನ್ನಡ ಮಾತಾಡುವವನು ಅವನೊಬ್ಬನೇ. ಶೆಲ್ ರಸ್ತೆಯ ಅಂಚಿಗೆ ಬಿತ್ತು. ಚೂರುಗಳು ಅವನ ಕ್ಯಾಬಿನ್ನಿಗೆ ಹೊಕ್ಕವು, ಗಾಡಿ ಗುಡ್ಡದ ಕಡೆ ವಾಲಿ ನಿಂತಿತು. ಪಕ್ಕದಿಂದ ದಾಟುವಷ್ಟು ಜಾಗ ಇತ್ತು. ದಾಟುವಾಗ ಅವನು "ಯವ್ವಾ" ಎಂದು ಕೂಗುತ್ತಿದ್ದದ್ದು ಕೇಳಿತು. ನನ್ನ ಬೆನ್ನಿಗೆ ಗುಂಡು ತುಂಬಿದ ಗಾಡಿಗಳು ಸಾಲಾಗಿ ಬರುತ್ತಿದ್ದವು. ನಾನು ನಿಲ್ಲಿಸಲಿಲ್ಲ. ಬೆಳಗಾಗುವುದರೊಳಗೆ ಅವನು ತೀರಿಕೊಂಡ ಎಂದು ದ್ರಾಸ್‌ನಲ್ಲಿ ಸುದ್ದಿ ಬಂತು. ಚಹಾ ಕುಡಿದೆ, ಗಾಡಿ ಖಾಲಿ ಮಾಡಿಸಿದೆ, ಮರುರಾತ್ರಿ ಮತ್ತೆ ಹೊರಟೆ.

ಅಲ್ಲಿ ಇರುವ ತನಕ ನನಗೇನೂ ಆಗಲಿಲ್ಲ. ಕೈ ನಡುಗಲಿಲ್ಲ, ಅಳು ಬರಲಿಲ್ಲ. ಇದನ್ನು ಮನೆಯವರು ತಿಳಿದುಕೊಳ್ಳಬೇಕು: ಮೈ ಅಪಾಯದ ನಡುವೆ ಕೆಲಸ ಮಾಡುತ್ತದೆ, ಅಪಾಯ ಮುಗಿದ ಮೇಲೆ ಬಿಲ್ಲು ಕಳಿಸುತ್ತದೆ. ಮೊದಲು ನಿದ್ದೆ ಕೆಟ್ಟಿತು. ಹೇಳಿಕೊಳ್ಳಲು ಧೈರ್ಯ ಬರಲಿಲ್ಲ. ಸೈನ್ಯದಲ್ಲಿ ಆರೋಗ್ಯದ ದರ್ಜೆಯನ್ನು 'ಶೇಪ್' ಎಂಬ ಐದು ಅಕ್ಷರಗಳಲ್ಲಿ ಅಳೆಯುತ್ತಾರೆ. ಮೊದಲಿನ 'ಎಸ್' ಮನಸ್ಸಿನದು. ಅಲ್ಲಿ ದರ್ಜೆ ಇಳಿದರೆ 'ಕೆಟಗರಿ' ಆದ ಎನ್ನುತ್ತಾರೆ. ಪ್ರಮೋಷನ್, ಪೋಸ್ಟಿಂಗ್ ಎಲ್ಲದಕ್ಕೂ ಪೆಟ್ಟು. ಮೊಣಕಾಲು ನೋವು ಹೇಳಿಕೊಳ್ಳುವ ಜವಾನ ಕನಸನ್ನು ಹೇಳಿಕೊಳ್ಳುವುದಿಲ್ಲ. ನಾನೂ ಬಾಯಿ ಬಿಡದೆ ಸರ್ವೀಸು ಮುಗಿಸಿ ಪೆನ್ಶನ್ ತಗೊಂಡು ಊರಿಗೆ ಬಂದೆ.

ಊರಿನಲ್ಲಿ ಅದು ಪೂರ್ತಿ ಎದ್ದು ನಿಂತಿತು. ನಮ್ಮ ಕಡೆ ಬಾವಿ ತೋಡಬೇಕಾದರೆ ಕಲ್ಲಿಗೆ ಮದ್ದು ತುಂಬಿ ಸಿಡಿಸಬೇಕು. ಮೊದಲ ಸಲ ಆ ಸಪ್ಪಳ ಕೇಳಿದಾಗ ದ್ರಾಕ್ಷಿ ಪಡದ ಸಾಲಿನಲ್ಲಿ ಮುಖ ಕೆಳಗೆ ಮಾಡಿ ಬಿದ್ದಿದ್ದೆ. ಮಗನನ್ನೂ ಕೆಳಗೆ ಎಳೆದಿದ್ದೆ, ಅವನ ಮೊಣಕೈ ಕೆತ್ತಿಹೋಗಿತ್ತು. ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಎದೆ ಬಡಿದುಕೊಳ್ಳುತ್ತಿತ್ತು. ಸೈನ್ಯದ ಗಾಡಿ ನಡೆಸಿದವನಿಗೆ ಮನೆಯ ಟ್ರ್ಯಾಕ್ಟರ್ ಹತ್ತಲಾಗಲಿಲ್ಲ. ಮದುವೆಗೆ ಹೋಗುವುದು ಬಿಟ್ಟೆ, ಪಟಾಕಿ ಇರುತ್ತದೆ. ಸಂತೆಗೆ ಹೋಗುವುದು ಬಿಟ್ಟೆ, ಬೆನ್ನ ಹಿಂದೆ ಜನ ಇರುತ್ತಾರೆ. ಇಂಡಿಗೆ ಹೋಗುವ ಬಸ್ಸು ಕಂಡರೆ ದಾರಿ ಬದಲಿಸುತ್ತಿದ್ದೆ. ಹೀಗೆ ಬಿಟ್ಟದ್ದರ ಪಟ್ಟಿ ಬೆಳೆದು, ಕೊನೆಗೆ ಹಿತ್ತಲ ಕೋಣೆಯೊಂದೇ ಉಳಿಯಿತು.

ಎಲ್ಲಕ್ಕಿಂತ ಕಠಿಣವಾದದ್ದು ಜೂನ್ ತಿಂಗಳು. ರೋಹಿಣಿ ಮಳೆ ಮುಗಿದು ಮಿರಗದ ಮಳೆ ಕೂಡುವ ಕಾಲ. ನಮ್ಮಂಥ ಬರದ ಊರಿನಲ್ಲಿ ಇಡೀ ಊರು ಮುಗಿಲು ನೋಡುತ್ತಾ ಗುಡುಗಿಗಾಗಿ ಕಾಯುತ್ತದೆ. ಗುಡುಗಿದರೆ ಮುದುಕರು ಅಂಗಳಕ್ಕೆ ಬಂದು ಕೈ ಮುಗಿಯುತ್ತಾರೆ. ನಾನು ಮಂಚದ ಕೆಳಗೆ ಸೇರುತ್ತಿದ್ದೆ. ಮಳೆ ಬರಲಿ ಎಂದು ಹೆತ್ತವ್ವ ಬೇಡಿಕೊಳ್ಳುವಾಗ, ಬರದಿರಲಿ ಎಂದು ಒಳಗೊಳಗೇ ಬೇಡುವ ಮಗನಾಗಿದ್ದೆ. ರೈತನ ಮನೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಸಂಕಟ ನನಗೆ ತಿಳಿಯದು.

ಅವ್ವ "ಹುಡುಗಗ ಗಾಳಿ ಸೋಕೈತಿ" ಅಂದಳು. ಗುಡ್ಡಾಪುರದ ದಾನಮ್ಮನ ಗುಡಿಗೆ ಕರೆದುಕೊಂಡು ಹೋದಳು, ಹರಕೆ ಹೊತ್ತಳು. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆ ಗುಡಿಯ ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತಾಗ ನನ್ನ ಮೇಲೆ ಯಾರೂ ಯಾವ ಪ್ರಶ್ನೆಯನ್ನೂ ಹಾಕುತ್ತಿರಲಿಲ್ಲ, ಅದೊಂದು ನೆರಳೇ. ಆದರೆ ರಾತ್ರಿ ಕನಸು ಬರುವುದು ನಿಲ್ಲಲಿಲ್ಲ. ನಿದ್ದೆಗೆಂದು ಮಿಲಿಟರಿ ಕ್ಯಾಂಟೀನಿನ ರಮ್ ಕುಡಿಯುವುದು ಹೆಚ್ಚಾಯಿತು. ಕುಡಿದರೆ ಕಣ್ಣೇನೋ ಬೇಗ ಮುಚ್ಚುತ್ತವೆ. ನಡುರಾತ್ರಿ ದಾಟಿ ಅಮಲು ಇಳಿಯುವಾಗ ಕನಸು ಇಮ್ಮಡಿಯಾಗಿ ಬರುತ್ತದೆ. ಹೀಗೆಯೇ ಆಗುತ್ತದೆ ಎಂದು ವೈದ್ಯರು ಆಮೇಲೆ ಬಿಡಿಸಿ ಹೇಳಿದರು.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನನ್ನ ಹೆಂಡತಿ. ಮಿರಜಿನಲ್ಲಿ ಮನೋವೈದ್ಯರು, ಕನ್ನಡ ಬಲ್ಲವರು. ನಾನು "ನಿದ್ದಿ ಬರವಲ್ದು" ಎಂದಷ್ಟೇ ಹೇಳಿ ಸುಮ್ಮನಾದೆ. ಅವಳು ಹೇಳಿದಳು: "ನಿದ್ದ್ಯಾಗ ಬಲಗಾಲು ಒತ್ತತಾರ್ರಿ, ಜೋರಾಗಿ, ಗಾಡಿ ರೇಸ್ ಮಾಡಿದಂಗ. 'ನಿಲ್ಸಾಂಗಿಲ್ಲ, ನಿಲ್ಸಾಂಗಿಲ್ಲ' ಅಂತಾರ. ಎಬ್ಬಿಸಾಕ ಹ್ವಾದ್ರ ಕೈ ಹಿಡದ ತಿರುವತಾರ." ನನ್ನ ರಾತ್ರಿಗಳ ಬಗ್ಗೆ ನನಗೇ ಗೊತ್ತಿಲ್ಲದ್ದನ್ನು ಆ ದಿನ ಕೇಳಿದೆ. ಇಷ್ಟು ವರ್ಷ ಆ ಕಾಲಿನ ಪಕ್ಕದಲ್ಲಿ ಮಲಗಿದ್ದವಳು ಅವಳು.

ಡಾಕ್ಟರು ಮೊದಲು ಹೇಳಿದ್ದು, ಇದು ಹೇಡಿತನ ಅಲ್ಲ, ಹುಚ್ಚೂ ಅಲ್ಲ ಎಂದು. ಮೊದಲ ಮಹಾಯುದ್ಧದಲ್ಲಿ, 1915ರಲ್ಲೇ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 'ಶೆಲ್ ಶಾಕ್' ಎಂದು ಇದರ ಬಗ್ಗೆ ಬರೆದರಂತೆ. ಆದರೂ ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಓಡಿಹೋದರು, ಹೆದರಿದರು ಎಂಬಂಥ ಆರೋಪ ಹೊರಿಸಿ ತನ್ನದೇ ಸಿಪಾಯಿಗಳಿಗೆ ಗುಂಡಿಕ್ಕಿತು. ಹಾಗೆ ಸತ್ತ 306 ಮಂದಿಗೆ 2006ರಲ್ಲಿ ಕ್ಷಮೆ ಕೊಟ್ಟರು. ಅವರಲ್ಲಿ ಈ ರೋಗಕ್ಕೆ ತುತ್ತಾದವರೂ ಇದ್ದರು. ಈ ರೋಗಕ್ಕೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ, ಎಂಬ ಹೆಸರು ವೈದ್ಯರ ಪುಸ್ತಕ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ನೋಡಿದ ಮೇಲೆ. ನೆನಪು ಹಳೆಯದಾದರೂ ಮಿದುಳು ಅದಕ್ಕೆ ತಾರೀಖು ಹಾಕಿಲ್ಲ, ಅದಕ್ಕೇ ಬಾವಿಯ ಸಪ್ಪಳ ಕೇಳಿದರೆ ಅದು ಈಗಲೇ ನಡೆಯುತ್ತಿದೆ ಎಂದು ಮೈ ತಿಳಿಯುತ್ತದೆ ಎಂದರು. ಮುಂದೆ ಅವರು ಹೇಳಿದ ಮಾತು ನನಗೆ ಎಲ್ಲಕ್ಕಿಂತ ಮುಖ್ಯ: ತಪ್ಪಿಸಿಕೊಂಡಷ್ಟೂ ಇದು ಬೆಳೆಯುತ್ತದೆ. ಒಂದು ಸಲ ಸಂತೆ ತಪ್ಪಿಸಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ. ಆದರೆ ಸಂತೆ ಅಪಾಯದ ಜಾಗ ಎಂಬುದು ಮೈಗೆ ಇನ್ನಷ್ಟು ಗಟ್ಟಿಯಾಗುತ್ತದೆ.

ಸೆರ್ಟ್ರಾಲಿನ್ ಮಾತ್ರೆ ಕೊಟ್ಟರು. ಅದು ಹಿಡಿಯಲು ಕೆಲವು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸುತ್ತದೆ, ನಡುವೆ ಬಿಡಬೇಡಿ ಎಂದರು. ರಮ್ ಬಿಡಿಸಿದರು. ಮಾತ್ರೆಯಿಂದ ಎದೆಬಡಿತ ಇಳಿಯಿತು, ಸಿಟ್ಟು ಇಳಿಯಿತು. ಆದರೆ ನಿಜವಾದ ಕೆಲಸ ಮಾತಿನದು.

ವಾರಕ್ಕೊಮ್ಮೆ ಕೂರಿಸಿ, ಕಣ್ಣು ಮುಚ್ಚಿಸಿ, ಆ ರಾತ್ರಿಯನ್ನು ಈಗ ನಡೆಯುತ್ತಿರುವಂತೆ ಮೊದಲಿನಿಂದ ಹೇಳಿಸುತ್ತಿದ್ದರು. ಗೇರ್ ಯಾವುದು, ಚಳಿ ಎಲ್ಲಿ ಕೊರೆಯುತ್ತಿದೆ, ಯಾವ ವಾಸನೆ, ಮುಂದೆ ಏನು. ಮುಗಿದರೆ ಮತ್ತೆ ಮೊದಲಿನಿಂದ. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳಬೇಕು. ಮೊದಲ ವಾರಗಳು ಘೋರವಾಗಿದ್ದವು. ಬಸ್ಸಿನಲ್ಲಿ ಊರಿಗೆ ಬರುವಾಗ ಅಂಗಿ ಬೆವರಿನಿಂದ ತೊಯ್ದಿರುತ್ತಿತ್ತು. ಇದಕ್ಕಿಂತ ಹಿತ್ತಲ ಕೋಣೆಯೇ ಮೇಲು ಅನಿಸುತ್ತಿತ್ತು. ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರಂತೆ. ನನ್ನನ್ನು ಬಿಡಗೊಡದಿದ್ದವಳು ಹೆಂಡತಿ. ಕೇಳುವ ಹೊತ್ತಿಗೆ ಬಾಗಿಲ ಹೊರಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ದಿನಾ ಕೇಳುತ್ತಾ ಕೇಳುತ್ತಾ ಒಂದು ಹಂತದಲ್ಲಿ ಅದು ನಡೆದು ಮುಗಿದ ಸಂಗತಿಯಂತೆ ಕೇಳತೊಡಗಿತು. ಅಂದು ನಾನು ಮೊದಲ ಸಲ ಅತ್ತೆ.

ಅಲ್ಲಿ ಒಂದು ಪ್ರಶ್ನೆ ಬಂತು. "ನೀವು ಗಾಡಿ ನಿಲ್ಲಿಸಿದ್ದರೆ?" ಎಂದರು ಡಾಕ್ಟರು. ಹದಿಮೂರು ವರ್ಷ "ನಿಲ್ಲಿಸಬೇಕಾಗಿತ್ತು" ಎಂಬಲ್ಲಿಗೇ ನನ್ನ ಯೋಚನೆ ಬಂದು ನಿಲ್ಲುತ್ತಿತ್ತು, ಮುಂದಕ್ಕೆ ಹೋಗಿರಲಿಲ್ಲ. ಈಗ ಹೋದೆ. ರಸ್ತೆ ಕಟ್ಟಿಹೋಗುತ್ತಿತ್ತು. ಹಿಂದಿನ ಗಾಡಿಗಳೆಲ್ಲ ಅದೇ ಗುರಿಯ ಜಾಗದಲ್ಲಿ ನಿಲ್ಲುತ್ತಿದ್ದವು, ಗುಂಡಿನ ಲೋಡು ಹೊತ್ತು. ಚೂರು ಹೊಕ್ಕ ಹೊಟ್ಟೆಗೆ ನನ್ನ ಕೈಯಲ್ಲಿ ಔಷಧವಿರಲಿಲ್ಲ. ಔಷಧವಿದ್ದವರು ಹಿಂದಿನಿಂದ ಬರುತ್ತಿದ್ದರು, ಅವರಿಗೆ ದಾರಿ ಬೇಕಿತ್ತು. ಇದನ್ನು ಡಾಕ್ಟರು ನನಗೆ ಹೇಳಲಿಲ್ಲ, ನನ್ನಿಂದ ಹೇಳಿಸಿದರು. ಬೇರೆಯವರು "ನಿಂದೇನ ತಪ್ಪಿಲ್ಲ ಬಿಡೋ" ಅಂದದ್ದು ಒಂದೂ ಒಳಗಿಳಿದಿರಲಿಲ್ಲ. ದುಃಖ ಹೋಗಲಿಲ್ಲ, ಹೋಗಲೂಬಾರದು. ಅಪರಾಧಿ ಎಂಬ ಭಾವ ಹೋಯಿತು.

ಶಾಲೆಯಲ್ಲಿ ಮಾಸ್ತರು ರನ್ನನ ಗದಾಯುದ್ಧದ ಕಥೆ ಹೇಳಿದ್ದು ಆ ದಿನಗಳಲ್ಲಿ ನೆನಪಾಯಿತು. ನಮ್ಮ ಸೀಮೆಗೆ ದೂರವಲ್ಲದ ಮುಧೋಳದವನು ರನ್ನ. ಅವನ ದುರ್ಯೋಧನ ರಣರಂಗದಲ್ಲಿ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಸಾವಿರ ವರ್ಷದ ಹಿಂದೆ ಆ ಕವಿಗೆ ಉಳಿದವನ ಸಂಕಟ ತಿಳಿದಿತ್ತು. ನಮ್ಮ ಊರೂರಿನ ಗುಡಿಗಳ ಮುಂದೆ ಇರುವ ವೀರಗಲ್ಲುಗಳು ಮಾತ್ರ ಸತ್ತವರವು. ಬದುಕಿ ಬಂದವನಿಗೆ ಏನಾಯಿತು ಎಂದು ಯಾರೂ ಕೆತ್ತಿಸಲಿಲ್ಲ.

ಮಾತಿನ ಜೊತೆಗೇ, ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಮರಳಿ ಹಿಡಿಯುವ ಕೆಲಸ. ಸುಲಭದ್ದು ಮೊದಲು. ನಿಂತ ಟ್ರ್ಯಾಕ್ಟರಿನ ಮೇಲೆ ಸುಮ್ಮನೆ ಕೂರುವುದು, ಆಮೇಲೆ ಇಂಜಿನ್ ಹಚ್ಚಿ ಹೊಗೆಯಲ್ಲಿ ಕೂರುವುದು. ಹೆದರಿಕೆ ಏರಿ ತಾನಾಗಿ ಇಳಿಯುವ ತನಕ ಏಳಬಾರದು. ಏರಿದಾಗಲೇ ಎದ್ದರೆ ಮಾಡಿದ್ದೆಲ್ಲ ವ್ಯರ್ಥ. ಬಾವಿಯ ಮದ್ದಿನ ಸಪ್ಪಳವನ್ನು ಮೊದಲು ದೂರದ ಬದುವಿನಿಂದ ಕೇಳಿದೆ, ಆಮೇಲೆ ಹತ್ತಿರದಿಂದ. ಕೊನೆಗೆ ಸಂಕ್ರಾಂತಿಯ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಅಲ್ಲಿ ಮದ್ದು ಸುಡುವುದನ್ನು ನೋಡಲು ಊರೇ ನೆರೆಯುತ್ತದೆ. ಮಗನನ್ನು ಕರೆದುಕೊಂಡು ಹೋದೆ. ಕಾಲು ನಡುಗಿದವು, ಉಸಿರನ್ನು ನಿಧಾನ ಹೊರಗೆ ಬಿಡುತ್ತಾ ನಿಂತೆ. ಮಗ "ಅಪ್ಪಾ, ಹೋಗೂನು?" ಎಂದು ಕೇಳಿದ. "ಮುಗೀಲಿ ತಡಿ" ಎಂದೆ.

ಈಗ ಮಾತ್ರೆ ನಿಂತಿದೆ. ಡಾಕ್ಟರೇ ನಿಧಾನವಾಗಿ ಇಳಿಸಿದರು. ಹೋಟೆಲಿನಲ್ಲಿ ಇವತ್ತಿಗೂ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತೇನೆ. ಜೂನ್ ಹತ್ತಿರ ಬಂದಾಗ ನಿದ್ದೆ ತೆಳುವಾಗುತ್ತದೆ. ಅದಕ್ಕೆ ಮೇ ತಿಂಗಳಲ್ಲೇ ಮಿರಜಿಗೆ ಹೋಗಿ ಬರುತ್ತೇನೆ.

ಸುತ್ತಲಿನ ಊರುಗಳಲ್ಲಿ ನನ್ನಂಥ ಮಾಜಿ ಸೈನಿಕರು ಬಹಳ. ಕಾಶ್ಮೀರದಲ್ಲಿ ಕೆಲಸ ಮಾಡಿ ಬಂದವರು, ರಜೆಯಲ್ಲಿರುವ ಹುಡುಗರು ಸಂಜೆ ತೋಟಕ್ಕೆ ಬರುತ್ತಾರೆ. ಬೆಳೆ, ನೀರು ಎಂದು ಮಾತಾಡಿ, ಎಲ್ಲರೂ ಎದ್ದ ಮೇಲೆ ಒಬ್ಬ ಉಳಿಯುತ್ತಾನೆ. ಅವನಿಗೆ ನಾನು 14416 ಕೊಡುತ್ತೇನೆ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಮನಸ್ಸಿನ ಆರೋಗ್ಯದ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಸೈನ್ಯದವರಿಗೆಂದೇ 2023ರ ಡಿಸೆಂಬರಿನಲ್ಲಿ ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜಿನಲ್ಲಿ ಅದರ ಪ್ರತ್ಯೇಕ ವಿಭಾಗ ತೆರೆದಿದ್ದಾರೆ. ನಮ್ಮ ಕಾಲಕ್ಕೆ ಇದು ಇದ್ದಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ.

ಹೋದ ವಾರ ಹಾಗೆ ಉಳಿದ ಹುಡುಗ ಕೇಳಿದ, "ಕಾಕಾ, ಪೂರಾ ಹೊಕ್ಕೈತೇನ್ರಿ?" ಪೂರಾ ಹೋಗುವುದಿಲ್ಲ, ಆದರೆ ಮನೆಯಲ್ಲಿ ಅದಕ್ಕೆ ಒಂದು ಮೂಲೆ ಸಾಕಾಗುತ್ತದೆ, ಉಳಿದ ಮನೆ ನಿನಗೆ ವಾಪಸ್ ಸಿಗುತ್ತದೆ ಎಂದು ನಿಜ ಹೇಳಿದೆ. ಗುರುವಾರ ಅವನನ್ನು ಮಿರಜಿಗೆ ಕರೆದುಕೊಂಡು ಹೋಗಬೇಕು. ಒಬ್ಬನೇ ಬರುತ್ತೇನೆ ಎಂದ. ನಾನು ಒಪ್ಪಲಿಲ್ಲ. ಅವನ ಹೆಂಡತಿಯೂ ಬರಲಿ, ಡಾಕ್ಟರು ಮೊದಲು ಕೇಳಬೇಕಾದದ್ದು ಅವಳನ್ನು.