ಗಗ್ಗರ ಕಟ್ಟುವ ಹೊತ್ತು

ಟಾರು ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ ಇಳಿಯುತ್ತೀರಿ. ಮೂಡುಬಿದಿರೆ ದಾಟಿ ವೇಣೂರಿನ ಕಡೆಗೆ ಹೋಗುವಾಗ ಒಳಕ್ಕೆ ಹೊರಳುವ ದಾರಿ ಇದು. ಇನ್ನು ಮುಂದೆ ಗದ್ದೆಯ ಹುಣಿ. ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ರಾತ್ರಿ ಹತ್ತಾಗುತ್ತ ಬಂದಿದೆ. ಫೆಬ್ರವರಿಯ ಕೊನೆಯ ವಾರ, ಹಗಲೆಲ್ಲ ಬೆವರಿಳಿಸಿದ ಸೆಕೆ ಈಗ ತಗ್ಗಿ ಕೊಯ್ಲಾದ ಗದ್ದೆಯ ಕೂಳೆಯ ಮೇಲೆ ತೆಳುವಾಗಿ ಮಂಜು ಕೂತಿದೆ. ಅಡಕೆ ಮರಗಳ ಸಂದಿಯಲ್ಲಿ ಟ್ಯೂಬ್‌ಲೈಟಿನ ಬಿಳಿ ಬೆಳಕು, ಅದರ ನಡುವೆ ದೀವಟಿಗೆಯ ಕೆಂಪು. ಡೋಲಿನ ಪೆಟ್ಟು ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ.

"ಚಪ್ಪಲಿ ಇಲ್ಲೇ ಬಿಡಿ ಮಾರಾಯ್ರೇ," ಎನ್ನುತ್ತಾರೆ ಎದುರಿಗೆ ಬಂದ ಹಿರಿಯರು. "ಊಟ ಆಯ್ತಾ? ಆಗದಿದ್ದರೆ ಮೊದಲು ಊಟಕ್ಕೆ ಕೂತ್ಕೊಳ್ಳಿ. ಗಗ್ಗರ ಕಟ್ಟುವಾಗ ಹನ್ನೆರಡು ಕಳೀತದೆ."

ಇವತ್ತು ಇಲ್ಲಿ ಕೋಲ, ದೈವದ ಆರಾಧನೆ. ಗುತ್ತಿನ ಮನೆಯ, ಅಂದರೆ ಊರಿನ ಹಿರಿಮನೆಯ, ಅಂಗಳಕ್ಕೆ ಚಪ್ಪರ ಹಾಕಿದ್ದಾರೆ. ಸಂಜೆಯೇ ದೈವದ ಭಂಡಾರ ಬಂದಾಗಿದೆ. ಮರದ ಮಂಚದ ಮೇಲೆ ಹಂದಿಯ ಮೊಗ, ಕಡ್ಸಲೆ ಎಂಬ ಕತ್ತಿ, ಗಂಟೆ, ಹಿಂಗಾರದ ರಾಶಿ. ಮೊಗಕ್ಕೆ ದೀಪದ ಬೆಳಕು ಬಿದ್ದಾಗ ಕಣ್ಣು ಹೊಳೆಯುತ್ತದೆ. ಪಕ್ಕದಲ್ಲಿ ನಿಂತ ಹುಡುಗ ಇವರ ಹೆಸರು ಪಂಜುರ್ಲಿ ಎಂದು ನಿಮಗೆ ಹೇಳಿಕೊಡುತ್ತಾನೆ. ಭೂತ ಎನ್ನುವ ಮಾತು ಅವನ ಬಾಯಲ್ಲಿ ಬರುವುದಿಲ್ಲ. ದೈವ ಎನ್ನುತ್ತಾನೆ. ಅವನ ಅಜ್ಜಿ ಅದಕ್ಕೆ ಬೇರೊಂದು ತುಳು ಮಾತನ್ನು ಬಳಸುತ್ತಾರೆ: ಸತ್ಯೊಲು. ಸತ್ಯಗಳು.

ಚಪ್ಪರದ ಹಿಂದೆ ತೆಂಗಿನ ಮಡಲಿನ ಸಣ್ಣ ಮರೆ. ಅನುಮತಿ ಕೇಳಿ ಒಳಗೆ ಹೋಗಿ. ಚಾಪೆಯ ಮೇಲೆ ಒಬ್ಬರು ಕೂತಿದ್ದಾರೆ. ಐವತ್ತು ದಾಟಿದ ಪ್ರಾಯ, ಬತ್ತಿದ ಕೆನ್ನೆ. ಎಡಗೈಯಲ್ಲಿ ಅಂಗೈಯಗಲದ ಕನ್ನಡಿ, ಬಲಗೈಯಲ್ಲಿ ತೆಂಗಿನ ಗರಿಯ ಕಡ್ಡಿ. ಮುಖಕ್ಕೆಲ್ಲ ಅರದಾಳದ ಹಳದಿ ಹಚ್ಚಿಯಾಗಿದೆ. ಈಗ ಅದರ ಮೇಲೆ ಕಪ್ಪು, ಕೆಂಪು, ಬಿಳಿಯ ಗೆರೆಗಳು ಬರಬೇಕು. ಹುಬ್ಬಿನ ಮೇಲೆ ಒಂದು ಗೆರೆ ಎಳೆಯುತ್ತಾರೆ, ಕನ್ನಡಿ ಓರೆ ಮಾಡಿ ನೋಡುತ್ತಾರೆ, ಒರೆಸಿ ಮತ್ತೆ ಎಳೆಯುತ್ತಾರೆ. ಅವಸರವಿಲ್ಲ. ಸೊಂಟಕ್ಕೆ ಕಟ್ಟುವ ಎಳೆ ತೆಂಗಿನ ಗರಿಯನ್ನು, ಅಂದರೆ ಸಿರಿಯನ್ನು, ಮಗ ಉಗುರಿನಿಂದ ಸೀಳುತ್ತಿದ್ದಾನೆ. ಗರಿಯ ಹಸಿ ವಾಸನೆ, ಎಣ್ಣೆಯ ವಾಸನೆ, ಬೀಡಿಯ ವಾಸನೆ.

ಮೂಲೆಯಲ್ಲಿ ಅವರ ಹೆಂಡತಿ ತೆಂಬರೆ ಎಂಬ ಪುಟ್ಟ ವಾದ್ಯ ಬಾರಿಸುತ್ತ ಪಾಡ್ದನ, ಅಂದರೆ ದೈವದ ಕತೆಯ ಹಾಡು, ಹೇಳುತ್ತಿದ್ದಾರೆ. ದನಿ ದೊಡ್ಡದಲ್ಲ. ಮೈಕು ಅಲ್ಲಿಗೆ ತಲುಪಿಲ್ಲ, ತಲುಪುವುದೂ ಬೇಡ. ದೇವರ ತೋಟಕ್ಕೆ ನುಗ್ಗಿ ಹಾಳುಗೆಡವಿದ ಹಂದಿಮರಿಯ ಕತೆ ಅದು, ಊರಿಗೊಂದು ಬಗೆ. ಈಶ್ವರನ ಕೋಪಕ್ಕೆ ಸಿಕ್ಕಿ ಭೂಮಿಗೆ ಇಳಿದ ಆ ಹಂದಿಯೇ ಇಲ್ಲಿ ಬೆಳೆ ಕಾಯುವ ದೈವವಾಯಿತು. ಕಾಡುಹಂದಿ ಒಂದು ರಾತ್ರಿ ಗದ್ದೆಗಿಳಿದರೆ ಏನಾಗುತ್ತದೆ ಎಂದು ಇಲ್ಲಿನ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ತಿನ್ನುವವನನ್ನೇ ಕರೆದು ಕೂರಿಸಿ ಕಾವಲಿಗೆ ಒಪ್ಪಿಸಿದ್ದಾರೆ. ಹುಲಿಯ ಜೊತೆಗೂ ಇಂಥದೇ ಒಪ್ಪಂದ ಉಂಟು. ಅದರ ಹೆಸರು ಪಿಲಿಚಾಮುಂಡಿ.

ಹಂದಿ, ಹುಲಿ ಮಾತ್ರವಲ್ಲ. ಅನ್ಯಾಯವಾಗಿ ನೊಂದ ಮನುಷ್ಯರೂ ಇಲ್ಲಿ ದೈವವಾಗಿದ್ದಾರೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಅದನ್ನು ಕಡೆದ ಶಿಲ್ಪಿ ಇನ್ನೆಲ್ಲೂ ಅಂಥದ್ದನ್ನು ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಎನ್ನುತ್ತದೆ ಪಾಡ್ದನ. ಆ ಶಿಲ್ಪಿ ಕಲ್ಕುಡ, ಅವನ ತಂಗಿ ಕಲ್ಲುರ್ಟಿ. ಅರಸನ ಹೆಸರು ಕಲ್ಲಿನ ಶಾಸನದಲ್ಲಿದೆ. ಅಣ್ಣ ತಂಗಿಯರಿಗೆ ಇಂದಿಗೂ ಮನೆಮನೆಯಲ್ಲಿ ದೀಪವಿದೆ.

ಮದರಾಸು ಸಿವಿಲ್ ಸರ್ವಿಸ್‌ನ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1894ರಿಂದ, 'ಇಂಡಿಯನ್ ಆ್ಯಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚಾದವು. ಆ ಸಂಗ್ರಹಕ್ಕೆ ಇಟ್ಟ ಹೆಸರಿನಲ್ಲಿ ದೈವಕ್ಕೆ ಸಿಕ್ಕಿದ ಪದ 'ಡೆವಿಲ್'. ಸಂಗ್ರಹದ ಋಣ ನಮ್ಮ ಮೇಲಿದೆ, ನಿಜ. ಆದರೆ ಸತ್ಯೊಲು ಎಂದು ಕರೆಯುವ ಅಜ್ಜಿಯ ಪಕ್ಕದಲ್ಲಿ ನಿಂತಾಗ ಆ ಹೆಸರು ಚುಚ್ಚುತ್ತದೆ. ಅದಕ್ಕೂ ಮೊದಲು, 1871ರಲ್ಲಿ, ಎಡ್ವರ್ಡ್ ಟೈಲರ್ 'ಪ್ರಿಮಿಟಿವ್ ಕಲ್ಚರ್' ಗ್ರಂಥದಲ್ಲಿ ಇಂಥ ನಂಬಿಕೆಗಳಿಗೆಲ್ಲ ಒಟ್ಟಾಗಿ ಅನಿಮಿಸಂ ಎಂದಿದ್ದರು. ಲ್ಯಾಟಿನ್ನಿನ ಅನಿಮಾ ಎಂದರೆ ಉಸಿರು, ಜೀವ. ಕಲ್ಲಿಗೆ, ಮರಕ್ಕೆ ಜೀವವಿದೆ ಎಂದುಕೊಳ್ಳುವುದು ಧರ್ಮದ ಮೊದಲ ಮೆಟ್ಟಿಲು, ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು ಎಂಬುದು ಅವರ ವಾದ.

ಆ ವಾದವನ್ನು ಬುಡಮೇಲು ಮಾಡಿದ ಬರಹಗಳಲ್ಲಿ ಒಂದರ ನಡುಮಧ್ಯೆ ನಮ್ಮದೇ ಮಾತೊಂದು ಕೂತಿದೆ. ನೀಲಗಿರಿಯ ನಾಯಕರೆಂಬ ಕಾಡಿನ ಜನರ ಜೊತೆ ಬದುಕಿದ ನೂರಿತ್ ಬರ್ಡ್-ಡೇವಿಡ್ 1999ರಲ್ಲಿ ಅನಿಮಿಸಂ ಬಗ್ಗೆ ಹೊಸದಾಗಿ ಬರೆದಾಗ ಅವರು ಆತುಕೊಂಡ ಪದ 'ದೇವರು'. ಗೆಡ್ಡೆ ಅಗೆಯುತ್ತಿದ್ದ ಒಬ್ಬಾಕೆಯ ಕಡೆಗೆ ಕಲ್ಲೊಂದು ತಾನಾಗಿ ಬಂತಂತೆ. ಮರದಡಿ ದಣಿವಾರಿಸಿಕೊಳ್ಳುತ್ತಿದ್ದ ಇನ್ನೊಬ್ಬಾಕೆಯ ಮಡಿಲಿಗೆ ಇನ್ನೊಂದು ಹಾರಿತಂತೆ. ಆ ಎರಡೂ ದೇವರು. ಕಾಡಿನ ಉಳಿದ ಕಲ್ಲುಗಳು ಬರೀ ಕಲ್ಲು. ಎದುರಿಗೆ ಬಂದು ಸಂಬಂಧ ಬೆಳೆಸಿದ್ದು ದೇವರಾಗುತ್ತದೆ ಎಂಬುದು ಅವರು ಕಂಡ ಅರ್ಥ. ತೆಂಬರೆಯ ಸದ್ದು ಕೇಳುತ್ತ ಕೂತವರಿಗೆ ಇದನ್ನು ಒಪ್ಪುವುದು ಕಷ್ಟವಲ್ಲ.

ಹನ್ನೆರಡೂವರೆ. ಬಣ್ಣ ಹಚ್ಚಿಕೊಂಡವರು ಮರೆಯಿಂದ ಹೊರಗೆ ಬರುತ್ತಾರೆ. ಅಂಗಳ ಒಮ್ಮೆಲೇ ಎದ್ದು ನಿಲ್ಲುತ್ತದೆ; ನೀವೂ ಏಳಿ. ಬಾಳೆಎಲೆಯ ಮೇಲೆ ಗಗ್ಗರ ಇಟ್ಟಿದೆ. ಒಳಗೆ ಗುಂಡು ತುಂಬಿದ ದಪ್ಪ ಲೋಹದ ಕಡಗ, ತಲೆಮಾರುಗಳ ಬೆವರಿಗೆ ನಯವಾದದ್ದು. ಅವರು ಅದನ್ನು ಎತ್ತಿಕೊಳ್ಳುತ್ತಾರೆ, ಕಟ್ಟಿಕೊಳ್ಳುವುದಿಲ್ಲ. ಮೊದಲು ಕೇಳಬೇಕು. ಗುತ್ತಿನವರನ್ನು, ಊರಿನವರನ್ನು, ನಾಲ್ಕು ದಿಕ್ಕನ್ನು, ನಿಂತ ನೆಲವನ್ನು. ಪ್ರತಿ ಸಲ ಗಗ್ಗರ ಹಣೆಗೆ ಮುಟ್ಟಿ ಕೆಳಗಿಳಿಯುತ್ತದೆ, ಸಣ್ಣಗೆ ಗಲ್ಲೆನ್ನುತ್ತದೆ. ಗುತ್ತಿನ ಯಜಮಾನರಾದ ಗಡಿಪತ್ತಿನಾರ್ ತಲೆಯಾಡಿಸುತ್ತಾರೆ. ಈಗ ಕಾಲಿಗೆ.

ಮೊದಲು ಮೊಣಕಾಲಿನಲ್ಲಿ ಒಂದು ನಡುಕ. ಅದು ತೊಡೆಗೆ, ಬೆನ್ನಿಗೆ ಏರುತ್ತದೆ. ನಾಗಸ್ವರ, ತಾಸೆ, ಡೋಲು ಒಟ್ಟಿಗೇ ಏರುತ್ತವೆ. ಅಷ್ಟು ಹೊತ್ತು ಕನ್ನಡಿ ಹಿಡಿದಿದ್ದ ಆ ಸಣಕಲು ಮೈಯಿಂದ ಬಂದ ಕೂಗಿಗೆ ನಿಮ್ಮ ಮುಂದಿದ್ದ ಮಗು ತಾಯಿಯ ಸೆರಗು ಹಿಡಿಯುತ್ತದೆ. ಹೂವು, ಅಕ್ಕಿ ಗಾಳಿಯಲ್ಲಿ ಹಾರುತ್ತವೆ. ಬೆನ್ನಿಗೆ ಅಣಿ ಎಂಬ ಪ್ರಭಾವಳಿ ಏರುತ್ತದೆ. ಮೊಗ ಕೈಗೆ ಬರುತ್ತದೆ. ಯಾರೋ ಮೊಬೈಲ್ ಎತ್ತುತ್ತಾರೆ. ಹಿಂದಿನಿಂದ ಒಂದು ಕೈ ಅದನ್ನು ಮೆಲ್ಲನೆ ಕೆಳಗಿಳಿಸುತ್ತದೆ. 2022ರ 'ಕಾಂತಾರ' ಸಿನಿಮಾ ಈ ಅಂಗಳಗಳಿಗೆ ಬಹಳ ಜನರನ್ನು ತಂದಿದೆ. ಬರಲಿ. ಆದರೆ ಈ ನಡುಕ ನೋಟವಲ್ಲ, ಇದರ ಎದುರು ಸುಮ್ಮನೆ ನಿಲ್ಲಲು ಕಲಿಯಬೇಕು.

ದೈವದ ನುಡಿ ಶುರುವಾಗುವಾಗ ಎರಡು ಗಂಟೆ. ವಾಲಗ ನಿಂತಿದೆ. ದೈವ ಒಂದೊಂದು ಮನೆತನವನ್ನೂ ಅದರ ಅಂತಸ್ತಿನ ಹೆಸರು ಹಿಡಿದು, ಸರದಿ ತಪ್ಪದೆ ಕರೆಯುತ್ತದೆ. ಸರದಿ ತಪ್ಪಿದರೆ ಜಗಳವೇ ಆಗುತ್ತದೆ, ಯಾಕೆಂದರೆ ಊರಿನ ಲೆಕ್ಕವೆಲ್ಲ ಆ ಸರದಿಯಲ್ಲಿದೆ. 1974ರ ಭೂಸುಧಾರಣೆಯ ನಂತರ ಎಷ್ಟೋ ಗುತ್ತುಗಳ ಗದ್ದೆ ಒಕ್ಕಲುಗಳ ಪಾಲಾಯಿತು. ಕೋಲದ ಖರ್ಚಿಗೆ ಈಗ ಸಮಿತಿಯೂ ಮುಂಬಯಿಯಿಂದ ಬಂದ ಮಕ್ಕಳೂ ಕೈ ಹಾಕುತ್ತಾರೆ. ಕರೆಯುವ ಸರದಿ ಮಾತ್ರ ಹಾಗೇ ಉಳಿದಿದೆ.

ಒಬ್ಬ ಗಂಡಸು ಮುಂದೆ ಬರುತ್ತಾನೆ. ಪ್ಯಾಂಟಿನ ಮೇಲೆ ಶಾಲು ಹೊದ್ದಿದ್ದಾನೆ. ಮಾತೆಲ್ಲ ತುಳುವಿನಲ್ಲಿ, ಪಕ್ಕದ ಹಿರಿಯರು ನಿಮ್ಮ ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸುತ್ತಾರೆ.

"ಬನದ ಅಂಚಿನ ಹಾಲೆಮರ ಎಲ್ಲಿ?"

"ಟ್ರ್ಯಾಕ್ಟರ್ ಹೋಗಲಿಕ್ಕೆ ದಾರಿ ಬೇಕಿತ್ತು ಸ್ವಾಮಿ. ಕಡಿಸಿದೆ."

"ಕಡಿಯುವ ಮೊದಲು ಕೇಳಿದೆಯಾ?"

ಅವನು ಉತ್ತರಿಸುವುದಿಲ್ಲ. ಹಾಲೆಮರದ ಬುಡದಲ್ಲಿ ಗುಳಿಗನೆಂಬ ದೈವದ ಕಲ್ಲಿತ್ತು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಊರೆಲ್ಲ ಕಷಾಯಕ್ಕೆಂದು ಹಾಲೆಯ ತೊಗಟೆ ತೆಗೆಯುತ್ತದೆ. ಅದನ್ನೂ ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಎರಡು ವಾರದ ಹಿಂದಷ್ಟೇ ಕೆಡ್ಡಸ ಕಳೆದಿದೆ. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಆ ದಿನಗಳಲ್ಲಿ ಇಲ್ಲಿ ಯಾರೂ ನೆಲ ಅಗೆಯಲಿಲ್ಲ. ಇಷ್ಟು ನಯ ತಿಳಿದ ಊರಿನಲ್ಲಿ ಗರಗಸಕ್ಕೆ ಒಂದು ಮಾತು ಕೇಳಲು ಪುರುಸೊತ್ತಾಗಲಿಲ್ಲ. ನ್ಯೂಜಿಲೆಂಡಿನ ಮಾವೊರಿ ಜನ ವಾಂಗನುಯಿ ನದಿಯನ್ನು ತಮ್ಮ ಪೂರ್ವಜ ಎನ್ನುತ್ತಾರೆ. ಅಲ್ಲಿನ ಸಂಸತ್ತು 2017ರಲ್ಲಿ ಆ ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಿತು. ಈ ಅಂಗಳದಲ್ಲಿ ಮರದ ಪರವಾಗಿ ನಿಂತ ವಕೀಲನ ಕಾಲಲ್ಲಿ ಗಗ್ಗರ ಇದೆ.

"ತಪ್ಪಾಯಿತು ಸ್ವಾಮಿ."

ಮಳೆಗಾಲಕ್ಕೆ ಅದೇ ಜಾಗದಲ್ಲಿ ಹಾಲೆಯ ಸಸಿ, ಕಲ್ಲಿಗೆ ತಂಬಿಲದ ಪೂಜೆ. ತೀರ್ಪು ಅಷ್ಟೇ. ಆಗ ಹಿಂದಿನಿಂದ ಮುದುಕಿಯೊಬ್ಬರು ದನಿ ಎತ್ತುತ್ತಾರೆ. "ನಮ್ಮನ್ನು ಕೇಳುತ್ತೀರಿ, ಸರಿ. ನನ್ನ ಮಗ ಬಾವಿಗೆ ಬಿದ್ದಾಗ ನೀವೆಲ್ಲಿದ್ದಿರಿ? ವರ್ಷವೂ ಹೂ ಕೊಟ್ಟಿಲ್ಲವಾ ನಾನು?" ಯಾರೂ ಅವರ ಬಾಯಿ ಮುಚ್ಚಿಸುವುದಿಲ್ಲ. ದೈವ ಗಗ್ಗರದ ಸದ್ದು ಮಾಡದೆ ಹತ್ತಿರ ಬರುತ್ತದೆ. ಕಡ್ಸಲೆಯನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಅವರ ಕೈ ಮೇಲಿಟ್ಟು ಬಹಳ ಹೊತ್ತು ಏನೋ ಹೇಳುತ್ತದೆ. ಹಿರಿಯರು ಅದನ್ನು ನಿಮಗೆ ತಿರುಗಿಸಿ ಹೇಳುವುದಿಲ್ಲ. ಕೇಳಬೇಡಿ.

ಬೆಳಗಿನ ಆರು ಗಂಟೆ. ಅಣಿ ಇಳಿದಿದೆ. ಮಡಲಿನ ಮರೆಯ ಹೊರಗೆ ಅವರು ನೆಲದ ಮೇಲೆ ಕೂತು ತೆಂಗಿನೆಣ್ಣೆಯಿಂದ ಮುಖ ಉಜ್ಜಿಕೊಳ್ಳುತ್ತಿದ್ದಾರೆ. ಕೋಲ ಕಟ್ಟುವ ಹಕ್ಕು ಮುಖ್ಯವಾಗಿ ನಲಿಕೆ, ಪರವ, ಪಂಬದ ಸಮುದಾಯಗಳದು. ರಾತ್ರಿಯಿಡೀ ಇವರ ಮುಂದೆ ಕೈಮುಗಿದಿದ್ದ ಗುತ್ತಿನ ಯಜಮಾನರು ಈಗ ಚಾವಡಿಯ ಕುರ್ಚಿಯಲ್ಲಿದ್ದಾರೆ. ಇವರು ಅಂಗಳದ ಅಂಚಿನಲ್ಲಿದ್ದಾರೆ. ಚಾವಡಿಗೂ ಅಂಗಳಕ್ಕೂ ನಡುವೆ ಮೂರೇ ಮೆಟ್ಟಿಲು. ಆ ಮೂರು ಮೆಟ್ಟಿಲು ನೋಡಿ ನಿಮಗೆ ಸಂಕಟವಾಗುತ್ತದೆ, ಆಗಬೇಕು.

ಮಗ ಗಗ್ಗರವನ್ನು ಒರೆಸಿ ಬಟ್ಟೆಯಲ್ಲಿ ಸುತ್ತುತ್ತಾನೆ. ಹೆಂಡತಿ ಚಾ ತಂದು ಕೊಡುತ್ತಾರೆ. "ಕಾಲು ನೋಯ್ತದಾ?" ಎಂದು ನೀವು ಕೇಳಿದರೆ ಅವರು ನಗುತ್ತಾರೆ. ಕಿವಿಯ ಹಿಂದಿನ ಸುಕ್ಕಿನಲ್ಲಿ ಅರದಾಳದ ಹಳದಿ ಇನ್ನೂ ಉಳಿದಿದೆ. ಹೆಂಡತಿ ಸೆರಗಿನ ತುದಿಗೆ ಎಣ್ಣೆ ಮುಟ್ಟಿಸಿ ಅದನ್ನು ಒರೆಸುತ್ತಾರೆ.