ಟಿಕೆಟ್ಟಿನ ಹಿಂದೆ ಬರೆದ ಚಿಲ್ಲರೆ

ಲೆಕ್ಕ ತಪ್ಪಿದ್ದು 534 ರೂಪಾಯಿ. ಯುಗಾದಿಗೆ ಊರಿಗೆ ಹೋಗಿದ್ದಾಗ ಅಪ್ಪ ಪಾಸ್‌ಬುಕ್ ತಂದು ಮುಂದಿಟ್ಟು, "ಸಾಲ ಇನ್ನೆಷ್ಟು ಉಳಿದಿದೆ ನೋಡು ಪುಟ್ಟಿ" ಎಂದರು. ಎರಡು ವರ್ಷದ ಹಿಂದೆ, 2022ರಲ್ಲಿ, ಹೆಂಚಿನ ಮನೆ ತೆಗೆದು ತಾರಸಿ ಹಾಕಿಸಲು ಮಾಡಿದ ಸಾಲ ಅದು. ಎಂಟು ಲಕ್ಷ, ಹತ್ತು ವರ್ಷ, ಶೇಕಡಾ 9.5 ಬಡ್ಡಿ. ಸುಮ್ಮನೆ ಮೊಬೈಲಿನಲ್ಲಿ ಕಂತಿನ ಲೆಕ್ಕ ಹಾಕಿದೆ. 10,352 ರೂಪಾಯಿ ಬಂತು. ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳೂ ಕಡಿತವಾಗುತ್ತಿದ್ದದ್ದು 10,886.

ಸಾಲದ ಕಡತ ಬೀರುವಿನಲ್ಲಿ, ಅಮ್ಮನ ಸೀರೆಗಳ ಕೆಳಗಿತ್ತು. ತೆಗೆದು ನೋಡಿದರೆ ಮಂಜೂರಾದ ಮೊತ್ತ 8,41,300 ಎಂದಿತ್ತು. ಆ 41,300 ರೂಪಾಯಿ ಎಲ್ಲಿ ಹೋಯಿತು ಎಂದು ಹುಡುಕಿದಾಗ ಇಂಗ್ಲಿಷಿನ ನಾಲ್ಕು ಪುಟಗಳ ಒಂದು ವಿಮಾ ಪತ್ರ ಸಿಕ್ಕಿತು. ಸಾಲಗಾರ ತೀರಿಕೊಂಡರೆ ಉಳಿದ ಸಾಲವನ್ನು ವಿಮಾ ಕಂಪನಿ ತೀರಿಸುತ್ತದೆ ಎಂಬ ಪಾಲಿಸಿ. ಅದರ ಕಂತನ್ನು ಒಂದೇ ಸಲಕ್ಕೆ ಕಟ್ಟಿಸಿಕೊಂಡು, ಆ ದುಡ್ಡನ್ನೂ ಅಪ್ಪನ ಸಾಲಕ್ಕೇ ಸೇರಿಸಿದ್ದರು. ವಿಮೆಯ ಹಣಕ್ಕೂ ಹತ್ತು ವರ್ಷ ಬಡ್ಡಿ. 41,300 ರೂಪಾಯಿ ಕೊನೆಗೆ 64 ಸಾವಿರ ದಾಟುತ್ತಿತ್ತು.

"ಇದೇನಪ್ಪ?" ಎಂದೆ.

"ಇನ್ಶೂರೆನ್ಸ್ ಮಾಡಿಸದಿದ್ರೆ ಲೋನ್ ಪಾಸ್ ಆಗಲ್ಲ ಯಜಮಾನ್ರೇ ಅಂದ್ರು. ನಿಂಗೆ ಫೋನ್ ಮಾಡಿದ್ನಲ್ಲ?"

ಮಾಡಿದ್ದರು. ನೆನಪಿದೆ. ಮರುದಿನ ವಿಭಾಗದಲ್ಲಿ ನನ್ನ ಸೆಮಿನಾರ್ ಇತ್ತು. "ಬ್ಯಾಂಕಿನವರು ಹೇಳ್ತಿದಾರೆ ಅಂದ್ರೆ ಸರಿ ಇರುತ್ತೆ, ಸಹಿ ಹಾಕಪ್ಪ" ಎಂದು ಹೇಳಿ ಫೋನ್ ಇಟ್ಟಿದ್ದೆ. ಆ ಸೆಮಿನಾರಿನ ವಿಷಯ ಏನೆಂದು ಹೇಳಿದರೆ ನೀವು ನಗುತ್ತೀರಿ. ನಾನು ಸಂಶೋಧನೆ ಮಾಡುತ್ತಿರುವುದೇ ಕನ್ನಡ ಕಾದಂಬರಿಗಳಲ್ಲಿ ಸಾಲ ಮತ್ತು ಸಾಹುಕಾರನ ಬಗ್ಗೆ. ಓದಲು ಬಾರದ ರೈತನಿಂದ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದೃಶ್ಯಗಳ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದೆ. ನಮ್ಮಪ್ಪ ಸಾರಿಗೆ ಸಂಸ್ಥೆಯ ಕಂಡಕ್ಟರ್. ಓದಲು ಬರುತ್ತದೆ, ಲೆಕ್ಕವಂತೂ ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ಆ ಹತ್ತು ಪಾಯಿಂಟಿನ ಇಂಗ್ಲಿಷಿನ ಮುಂದೆ ಅವರ ಸಹಿಗೂ ಹೆಬ್ಬೆಟ್ಟಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಪತ್ರವನ್ನು ಪೂರ್ತಿ ಓದಿದ ಮೇಲೆ ಇನ್ನೆರಡು ಸಂಗತಿ ಗೊತ್ತಾದವು. ಸಾಲ ಹತ್ತು ವರ್ಷದ್ದು, ವಿಮೆ ಐದೇ ವರ್ಷದ್ದು. ಆರೋಗ್ಯದ ಕಾಲಂನಲ್ಲಿ ಎಲ್ಲ ಪ್ರಶ್ನೆಗೂ 'ಇಲ್ಲ' ಎಂದು ಯಾರೋ ಗುರುತು ಹಾಕಿದ್ದರು. ಅಪ್ಪ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾರೆ. ಆ ಎರಡು ವರ್ಷದಲ್ಲಿ ಅವರಿಗೇನಾದರೂ ಆಗಿದ್ದರೆ, ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದು ಕಂಪನಿ ಕೈ ತೊಳೆದುಕೊಳ್ಳಬಹುದಿತ್ತು. ಅಂದರೆ ದುಡ್ಡು ಕಟ್ಟಿದ್ದು ರಕ್ಷಣೆಗಲ್ಲ, ರಕ್ಷಣೆ ಇದೆ ಎಂಬ ಭ್ರಮೆಗೆ.

ಅಪ್ಪ ಒಂದೇ ಮಾತು ಹೇಳಿದರು. "ಬಿಡು. ಸಹಿ ಹಾಕಿದ್ದು ನಾನೇ ಅಲ್ವಾ? ಡಿಪೋದಲ್ಲಿ ಯಾರಿಗೂ ಹೇಳ್ಬೇಡ." ಇಪ್ಪತ್ತೇಳು ವರ್ಷ ಬ್ಯಾಗಿನ ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆ ಬೀಳದಂತೆ ನೋಡಿಕೊಂಡವರು. ಅವರಿಗೆ ನಷ್ಟಕ್ಕಿಂತ ನಾಚಿಕೆ ದೊಡ್ಡದಾಗಿತ್ತು.

ದೂರು ಬರೆಯುವುದು ಹೇಗೆಂದು ಹುಡುಕುತ್ತಾ ಕೂತಾಗ ಸಿಕ್ಕಿದ್ದು ಬ್ರಿಟನ್ನಿನ ಕತೆ. ನಮ್ಮ ಕಡತದ್ದೇ ಕತೆ, ಆದರೆ ಒಂದು ದೇಶದಷ್ಟು ದೊಡ್ಡದು. ಅಲ್ಲಿ ಅದನ್ನು ಪಿಪಿಐ ಎನ್ನುತ್ತಾರೆ, ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್. ಕಾಯಿಲೆ ಬಂದರೆ, ಅಪಘಾತವಾದರೆ, ಕೆಲಸ ಹೋದರೆ ಸಾಲದ ಕಂತನ್ನು ಕೆಲಕಾಲ ಕಟ್ಟುವ ವಿಮೆ. ವಿಚಾರ ಕೆಟ್ಟದ್ದಲ್ಲ. ಆದರೆ ಬ್ಯಾಂಕುಗಳು ಅದನ್ನು ಸಾಲ, ಕ್ರೆಡಿಟ್ ಕಾರ್ಡ್, ಮನೆ ಅಡಮಾನ ಎಲ್ಲದರ ಜೊತೆಗೂ ಅಂಟಿಸಿದವು. ಸ್ವಂತ ಉದ್ಯೋಗದವರಿಗೆ, ನಿವೃತ್ತರಿಗೆ, ಮೊದಲೇ ಕಾಯಿಲೆ ಇದ್ದವರಿಗೆ, ಅಂದರೆ ಎಂದೂ ಪರಿಹಾರ ಸಿಗಲಾರದವರಿಗೂ ಮಾರಿದವು. ಕೆಲವರಿಗೆ ಇದು ಕಡ್ಡಾಯ ಎಂದವು. ಇನ್ನು ಕೆಲವರಿಗೆ ಹೇಳಲೇ ಇಲ್ಲ. ಹೀಗೆ ಮಾರಾಟವಾದದ್ದು ಸುಮಾರು 6.4 ಕೋಟಿ ಪಾಲಿಸಿ.

2005ರಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ ಈ ಬಗ್ಗೆ ಅಧಿಕೃತವಾಗಿ ದೂರು ಕೊಟ್ಟಿತು. ಜನ ಬರೆದ ದೂರುಗಳನ್ನು ಬ್ಯಾಂಕುಗಳು ತಿರಸ್ಕರಿಸುತ್ತಲೇ ಬಂದವು. ದೂರುಗಳನ್ನು ಸರಿಯಾಗಿ ಪರಿಶೀಲಿಸಬೇಕೆಂದು ನಿಯಂತ್ರಕರು ನಿಯಮ ಮಾಡಿದಾಗ ಬ್ಯಾಂಕುಗಳ ಸಂಘವೇ ಕೋರ್ಟಿಗೆ ಹೋಯಿತು. 2011ರ ಏಪ್ರಿಲ್‌ನಲ್ಲಿ ಹೈಕೋರ್ಟಿನಲ್ಲಿ ಸೋತಿತು. ಆಮೇಲೆ ಕಟ್ಟೆ ಒಡೆದಂತಾಯಿತು. ದೂರು ಸಲ್ಲಿಸಲು 2019ರ ಆಗಸ್ಟ್ 29 ಕೊನೆಯ ದಿನವೆಂದು ನಿಗದಿ ಮಾಡಿ, ಅದನ್ನು ಜನರಿಗೆ ತಿಳಿಸಲು ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ ಯಂತ್ರದ ತಲೆ ಮಾಡಿ ಜಾಹೀರಾತು ಹಾಕಿದರು. ಒಟ್ಟು ವಾಪಸಾದದ್ದು ಸುಮಾರು 3,800 ಕೋಟಿ ಪೌಂಡ್. ಸಾಮಾನ್ಯವಾಗಿ ಕಟ್ಟಿದ ಕಂತು, ಅದರ ಮೇಲೆ ತೆತ್ತ ಬಡ್ಡಿ, ಜೊತೆಗೆ ಆ ಹಣ ಕೈಯಲ್ಲಿಲ್ಲದ ಕಾಲಕ್ಕೆ ಶೇಕಡಾ 8ರ ಸರಳ ಬಡ್ಡಿ, ಮೂರನ್ನೂ ಕೊಡಬೇಕಿತ್ತು.

ಇದರಲ್ಲೂ ದಲ್ಲಾಳಿಗಳು ಹುಟ್ಟಿಕೊಂಡರು. "ನಿಮ್ಮ ದುಡ್ಡು ನಾವು ಕೊಡಿಸ್ತೀವಿ" ಎಂದು ಫೋನಿನ ಮೇಲೆ ಫೋನು ಮಾಡಿ, ಬಂದದ್ದರಲ್ಲಿ ದೊಡ್ಡ ಪಾಲು ಹೊಡೆಯುತ್ತಿದ್ದ ಕಂಪನಿಗಳು. ಒಂದು ಪತ್ರ ಬರೆದು ಜನ ತಾವೇ ಉಚಿತವಾಗಿ ಮಾಡಬಹುದಾಗಿದ್ದ ಕೆಲಸ. ಕೊನೆಗೆ ಅವರ ಶುಲ್ಕಕ್ಕೂ ಸರ್ಕಾರ ಮಿತಿ ಹಾಕಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸೂಸನ್ ಪ್ಲೆವಿನ್ ಎಂಬಾಕೆಯ ಮೊಕದ್ದಮೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಗಂಡನನ್ನು ಕಳೆದುಕೊಂಡಿದ್ದ ಹೆಂಗಸು. 2006ರಲ್ಲಿ 34 ಸಾವಿರ ಪೌಂಡ್ ಸಾಲ ಪಡೆದರು. ಜೊತೆಗೆ 5,780 ಪೌಂಡಿನ ವಿಮೆ ಸೇರಿತು. ಆ ಕಂತಿನಲ್ಲಿ ಶೇಕಡಾ 71.8ರಷ್ಟು ಕಮಿಷನ್ನಿಗೇ ಹೋಗಿತ್ತು. ಕಮಿಷನ್ ಇರುತ್ತದೆಂದು ಅವರಿಗೆ ಗೊತ್ತಿರಬಹುದು, ಇಷ್ಟು ದೊಡ್ಡದೆಂದು ಯಾರೂ ಹೇಳಿರಲಿಲ್ಲ. 2014ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಅದನ್ನು ಹೇಳದೇ ಇದ್ದದ್ದರಿಂದಲೇ ಸಾಲ ಕೊಟ್ಟವರ ಮತ್ತು ಆಕೆಯ ಸಂಬಂಧ ಅನ್ಯಾಯದ್ದಾಯಿತು ಎಂದು ತೀರ್ಪು ಕೊಟ್ಟಿತು. ಸುಳ್ಳು ಹೇಳಿದ್ದಕ್ಕಲ್ಲ, ಸುಮ್ಮನಿದ್ದದ್ದಕ್ಕೆ.

ಇದನ್ನು ಅಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಆಕೆಯೂ ಸಹಿ ಹಾಕಿದ್ದರು, ಮೇಷ್ಟ್ರಾಗಿದ್ದರು ಎಂದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಟಿಕೆಟ್ ಹಿಂದೆ ಬರೆದ ಚಿಲ್ಲರೆ ಥರ ಅನ್ನು" ಎಂದರು.

ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಗೊತ್ತು. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾನೆ. ಇಳಿಯುವಾಗ ಕೇಳಿ ಪಡೆಯಬೇಕು. ಮರೆತು ಇಳಿದರೆ ಹೋಯಿತು. "ಕೆಲವರು ಸ್ಟಾಪ್ ಹತ್ರ ಬಂದಾಗ ಬೇಕಂತಲೇ ಹಿಂದಿನ ಸೀಟಿಗೆ ಹೋಗ್ತಾರೆ" ಎಂದು ಅಪ್ಪ ಎಷ್ಟೋ ಸಲ ಹೇಳಿದ್ದರು. ಅವರು ಮಾತ್ರ ಬಾಗಿಲಲ್ಲಿ ನಿಂತು ಕರೆದು ಕೊಡುತ್ತಿದ್ದರು. ಪ್ರಯಾಣಿಕ ಮರೆತ ಮಾತ್ರಕ್ಕೆ ಆ ಹಣ ಕಂಡಕ್ಟರನದ್ದಾಗುವುದಿಲ್ಲ ಎಂಬುದು ಅವರ ಇಪ್ಪತ್ತೇಳು ವರ್ಷದ ನಂಬಿಕೆ. ತಮ್ಮ ಸಹಿಯ ವಿಷಯಕ್ಕೆ ಅದನ್ನು ಅನ್ವಯಿಸಿಕೊಳ್ಳಲು ಅವರಿಗೆ ಒಂದು ವಾರ ಬೇಕಾಯಿತು. ಆ ಭಾನುವಾರ ಅವರೇ ಫೋನ್ ಮಾಡಿ, "ಬರೀ ಮಗಳೇ, ನೋಡೇ ಬಿಡೋಣ" ಎಂದರು.

ಮೊದಲು ಶಾಖೆಗೆ ಬರೆದೆವು. ಬ್ಯಾಂಕು ತನ್ನ ಸೇವೆಗೂ ವಿಮೆ ಕೊಳ್ಳುವುದಕ್ಕೂ ಗಂಟು ಹಾಕಬಾರದು, ಗ್ರಾಹಕ ಸ್ವಇಚ್ಛೆಯಿಂದ ಮಾತ್ರ ಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದನ್ನು ಉಲ್ಲೇಖಿಸಿದೆವು. "ನೀವು ಸ್ವಇಚ್ಛೆಯಿಂದ ಸಹಿ ಮಾಡಿದ್ದೀರಿ" ಎಂದು ಮೂರು ಸಾಲಿನ ಉತ್ತರ ಬಂತು. ಆಮೇಲೆ ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆದೆವು. ಪಾಲಿಸಿ ಬೇಡವೆಂದು ಹಿಂತಿರುಗಿಸುವ ಅವಧಿ ಮುಗಿದಿದೆ ಎಂದರು. ಪಾಲಿಸಿ ಇರುವುದೇ ಗೊತ್ತಿಲ್ಲದವನಿಗೆ ಅವಧಿ ಶುರುವಾದದ್ದು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ.

ಮೂರನೆಯ ಮೆಟ್ಟಿಲು ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿ. ಇದು ಎಲ್ಲರಿಗೂ ಗೊತ್ತಿರಬೇಕಾದ ದಾರಿ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ತಿರಸ್ಕರಿಸಿದರೆ ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ಹೋಗಬಹುದು. ಶುಲ್ಕವಿಲ್ಲ. ವಕೀಲರು ಬೇಕಿಲ್ಲ. ನಾವು ಅಪ್ಪನ ಮಾತ್ರೆ ಚೀಟಿಗಳನ್ನು, ಸರ್ಕಾರಿ ಆಸ್ಪತ್ರೆಯ ಹಳೆಯ ರಕ್ತಪರೀಕ್ಷೆಯ ವರದಿಗಳನ್ನು ಜೋಡಿಸಿ ಕಳಿಸಿದೆವು.

ವಿಚಾರಣೆ ವೀಡಿಯೊ ಕರೆಯಲ್ಲಿ ನಡೆಯಿತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನ್ನ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಕಂಪನಿಯ ಕಡೆಯವರು ಸಹಿಯ ವಿಷಯವನ್ನೇ ಮತ್ತೆ ಎತ್ತಿದರು. ಅಪ್ಪ ಕನ್ನಡದಲ್ಲೇ ಹೇಳಿದರು: "ಸಹಿ ನಂದೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ಶುಗರ್ ಇಲ್ಲ ಅಂತ ನಾನು ಹೇಳಿಲ್ಲ. ನನ್ನ ಯಾರೂ ಕೇಳೇ ಇಲ್ಲ." ನಾನು ಬರೆದುಕೊಟ್ಟಿದ್ದ ಎರಡು ಪುಟಕ್ಕಿಂತ ಈ ಮಾತು ಸಾಕಾಯಿತು. ಪಾಲಿಸಿ ರದ್ದು ಮಾಡಿ 41,300 ರೂಪಾಯಿಯನ್ನು ಸಾಲದ ಖಾತೆಗೆ ಜಮಾ ಮಾಡಲು ಕಂಪನಿ ಒಪ್ಪಿತು.

ಅದರ ಮೇಲೆ ಕಟ್ಟಿದ ಬಡ್ಡಿ ಬರಲಿಲ್ಲ. ಬ್ರಿಟನ್ನಿನಲ್ಲಿ ಅದನ್ನೂ ಕೊಟ್ಟರು ಎಂದೆ.

"ಅಲ್ಲಿ ಕಂಡಕ್ಟರು ಒಳ್ಳೆಯವನು ಬಿಡು."

"ಕಂಡಕ್ಟರ್ ಒಳ್ಳೆಯವನಲ್ಲಪ್ಪ. ಅಷ್ಟೂ ಪ್ಯಾಸೆಂಜರ್‌ಗಳು ಒಟ್ಟಿಗೆ ಕೇಳಿದ್ರು."

ಗೆದ್ದೆವು ಎನ್ನಲು ನನಗೆ ಸಂಕೋಚವಾಗುತ್ತದೆ. ಹಣ ವಾಪಸಾದದ್ದು ಅವರ ಮಗಳಿಗೆ ಇಂಗ್ಲಿಷ್ ಬರುತ್ತಿತ್ತು, ರಜೆ ಇತ್ತು, ಹುಡುಕುವ ಚಟ ಇತ್ತು ಎಂಬ ಕಾರಣಕ್ಕೆ. ಹಾಗೆಂದೇ ಅಪ್ಪ ಈಗ ಸುಮ್ಮನಿಲ್ಲ. ಯಾರಿಗೂ ಹೇಳಬೇಡ ಎಂದವರು ಡಿಪೋದ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದ್ದಾರೆ. ಹೋದ ತಿಂಗಳು ಇಬ್ಬರು ಡ್ರೈವರ್‌ಗಳು, ಒಬ್ಬ ಮೆಕ್ಯಾನಿಕ್ ತಮ್ಮ ಸಾಲದ ಕಾಗದಗಳ ಫೋಟೋ ಕಳಿಸಿದರು. ಮೂವರಲ್ಲಿ ಇಬ್ಬರ ಸಾಲದಲ್ಲಿ ವಿಮೆಯ ಕಂತು ಸೇರಿತ್ತು. ಮೂರನೆಯವರ ಕಡತದಲ್ಲಿ ವಿಮಾ ಪತ್ರ ಇತ್ತು, ಅದು ಅವರೇ ಕೇಳಿ ಮಾಡಿಸಿದ್ದಂತೆ. ಅದನ್ನು ಇಟ್ಟುಕೊಳ್ಳಿ ಎಂದೆ.

ನನ್ನ ಪ್ರಬಂಧದ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ನಡುವೆ ಅಪ್ಪನ ಫೋನ್ ಬರುತ್ತದೆ, ಯಾವುದೋ ಕಾಗದದ ವಿಷಯಕ್ಕೆ. ಈಗ "ಸಹಿ ಹಾಕಪ್ಪ" ಎನ್ನುವುದಿಲ್ಲ. "ಎಲ್ಲ ಪುಟದ ಫೋಟೋ ಕಳ್ಸಿ, ರಾತ್ರಿ ಓದಿ ಹೇಳ್ತೀನಿ" ಎನ್ನುತ್ತೇನೆ.